ಬ್ಯಾರನ್ನಿನಲ್ಲಿ ಬೆಂದ ಬ್ಯಾಟರಿ

ಹುಣಸೂರಿನ ಅಂಗಡಿಯೊಂದರಲ್ಲಿ ಮೊನ್ನೆ ಒಂದು ಎಲಿಮಿನೇಟರ್ ಕೊಂಡೆ. ಹೆಸರಿಗೆ ಹೆದರಬೇಕಾಗಿಲ್ಲ, ಅಂಗೈಯಗಲದ ತಗಡಿನ ಪೆಟ್ಟಿಗೆ, ಅಷ್ಟೆ. ಒಂದು ತುದಿಯನ್ನು ಗೋಡೆಯ ಪ್ಲಗ್ಗಿಗೂ ಇನ್ನೊಂದನ್ನು ಟ್ರಾನ್ಸಿಸ್ಟರಿಗೂ ಸಿಕ್ಕಿಸಿದರೆ ಸೆಲ್ಲುಗಳ ಹಂಗಿಲ್ಲದೆ ರೇಡಿಯೊ ಹಾಡುತ್ತದೆ. ನಮ್ಮ ಊರಿಗೆ ಕೊನೆಗೂ ಕರೆಂಟು ಬಂದಿರುವುದರಿಂದ ಇಂಥ ವಿಲಾಸಕ್ಕೆ ಈಗ ನಾನೂ ಅರ್ಹ. ಅಂಗಡಿಯ ಯಜಮಾನರು ಪೆಟ್ಟಿಗೆಯನ್ನು ನನ್ನ ಕೈಗಿಡುವ ಮುನ್ನ ಸಹಜವಾಗಿಯೇ, "ನಿಮ್ಮ ಸೆಟ್ಟು ಎಷ್ಟು ವೋಲ್ಟಿಂದು?" ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಆದರೆ ಹೇಳಲಾಗಲಿಲ್ಲ. ನಗು ಬಂತು, ಬಂದ ನಗು ನಿಲ್ಲಲಿಲ್ಲ. ಅವರು ಪಾಪ, ಪ್ರಶ್ನೆಯಲ್ಲೇನಾದರೂ ತಪ್ಪಿದೆಯೇ ಎಂದು ತಮ್ಮಷ್ಟಕ್ಕೆ ಅದನ್ನೇ ಇನ್ನೊಮ್ಮೆ ಹೇಳಿಕೊಂಡು ನೋಡಿದರು.

ಇದೇ ಬೀದಿಯ ಇನ್ನೊಂದು ಅಂಗಡಿಯಲ್ಲಿ ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ನಮ್ಮೂರ ಕೆಂಪಣ್ಣ ಕೊಟ್ಟ ಉತ್ತರ ನನಗೆ ನೆನಪಾಗಿತ್ತು. ಆ ಉತ್ತರವನ್ನು ನಿಮಗೆ ಈಗಲೇ ಹೇಳಿಬಿಡಬಹುದು. ಆದರೆ ಅದರ ಹಿಂದೆ ಒಂದು ಮಳೆಗಾಲ, ಒಂದು ಹೊಗೆಸೊಪ್ಪಿನ ಬ್ಯಾರನ್, ಒಬ್ಬ ಹೆಂಡತಿಯ ಹಾಡು, ಒಬ್ಬ ಗಂಡನ ಪ್ರೀತಿ ಇವೆ. ಅವನ್ನೆಲ್ಲ ಬಿಟ್ಟು ಬರಿಯ ಉತ್ತರವನ್ನು ಕೊಡುವುದು ಸರ್ಕಾರಿ ಕಚೇರಿಗಳ ಪದ್ಧತಿ, ನನ್ನದಲ್ಲ.

ಸೆಲ್ಲೆಂದರೆ ನಮ್ಮ ಕಡೆ ಹಳ್ಳಿಗಳಲ್ಲಿ ಹಪ್ಪಳದ ಜಾತಿಗೆ ಸೇರಿದ ವಸ್ತು. ಗಾವಡಗೆರೆಯ ಸಂತೆಯಿಂದ ತಂದ ಟಾರ್ಚಿನ ಸೆಲ್ಲುಗಳು ಮಂಕಾದವೆಂದರೆ ಯಾರೂ ಎಸೆಯುತ್ತಿರಲಿಲ್ಲ. ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿಗಳ ಪಕ್ಕದಲ್ಲೇ ಅವೂ ಗೋಡೆಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗುತ್ತಿದ್ದವು. ಸಂಜೆ ಅವನ್ನು ಒಳಗೆ ತಂದು ಟಾರ್ಚಿಗೆ ಹಾಕಿದರೆ, ನಂಬಿ, ಸ್ವಲ್ಪ ಹೊತ್ತು ಬೆಳಕು ಕೊಡುತ್ತಿದ್ದವು. ಹೊಸ ಸೆಲ್ಲಿನ ಪರೀಕ್ಷೆಯಂತೂ ನಾಲಗೆಯ ಕೆಲಸ. ತಳಕ್ಕೊಂದು ತಂತಿ ಒತ್ತಿ, ಅದರ ತುದಿಯನ್ನೂ ಸೆಲ್ಲಿನ ಹಿತ್ತಾಳೆಯ ಮೂತಿಯನ್ನೂ ಒಟ್ಟಿಗೆ ನೆಕ್ಕಬೇಕು. ಎಳೆ ಹುಣಸೆಯಂತೆ ಚುರ್ರೆಂದರೆ ಒಳ್ಳೆಯ ಸೆಲ್ಲು. ಸಪ್ಪೆಯಾದರೆ ಅಂಗಡಿಯವನಿಗೇ ವಾಪಸ್ಸು. ನಾನು ಬಾಲ್ಯದಲ್ಲಿ ನೆಕ್ಕಿದ ಸೆಲ್ಲುಗಳನ್ನೂ ಕಲ್ಲುಸಕ್ಕರೆಯನ್ನೂ ತಕ್ಕಡಿಯಲ್ಲಿಟ್ಟರೆ ಸೆಲ್ಲಿನ ತಟ್ಟೆಯೇ ಕೆಳಗಿಳಿದೀತು. ಇಂಥ ಪರೀಕ್ಷೆಯಲ್ಲಿ ಕೆಂಪಣ್ಣನೇ ಊರಿಗೆಲ್ಲ ಪ್ರಮಾಣ. ಸಂತೆಯ ದಿನ ಹೆಂಗಸರು, "ಒಸಿ ಇದ್ನ ನೆಕ್ಕಿ ಏಳು ಕೆಂಪಣ್ಣ," ಎಂದು ಸಾಲಾಗಿ ನಿಲ್ಲುತ್ತಿದ್ದರು. ಅವನೂ ಎಲೆಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಗಂಭೀರವಾಗಿ ನೆಕ್ಕಿ ತೀರ್ಪು ಕೊಡುತ್ತಿದ್ದ.

ಕೆಂಪಣ್ಣನ ನಿಜವಾದ ಕಸುಬು ಬ್ಯಾರನ್ನಿನ ಒಲೆ ಕಾಯುವುದು. ಹೊಗೆಸೊಪ್ಪು ಬೆಳೆಯುವ ನಮ್ಮ ಸೀಮೆಯಲ್ಲಿ ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಮನೆ. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಅದರೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಬಾಗಿಲು ಮುಚ್ಚಿ, ಹೊರಗಿನ ಒಲೆಗೆ ಸೌದೆ ಒಟ್ಟುತ್ತಾರೆ. ಬಿಸಿಗಾಳಿ ದಪ್ಪ ಕೊಳವೆಗಳಲ್ಲಿ ಹರಿದು ಎಲೆ ಮೊದಲು ಹಳದಿಯಾಗಿ, ಆಮೇಲೆ ಒಣಗಿ, ಕೊನೆಗೆ ಅದರ ನರವೂ ಒಣಗಬೇಕು. ಸುಮಾರು ಒಂದು ವಾರದ ಈ ತಪಸ್ಸಿನ ನಡುವೆ ಬಾಗಿಲು ತೆಗೆದರೆ ಕೆಟ್ಟಿತು. ಚಿನ್ನದ ಬಣ್ಣ ಬರಬೇಕಾದ ಎಲೆ ಕಪ್ಪಿಟ್ಟುಹೋಗುತ್ತದೆ. ಒಲೆ ಹೊತ್ತಿದ ಬ್ಯಾರನ್ನಿನ ಬಾಗಿಲನ್ನು ನಮ್ಮೂರಿನಲ್ಲಿ ಸಾಕ್ಷಾತ್ ಡೆಪ್ಯುಟಿ ಕಮಿಷನರ್ ಬಂದರೂ ತೆಗೆಯುವುದಿಲ್ಲ.

ಆ ವರ್ಷ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಕೆಲಸವಿನ್ನೂ ಸಿಕ್ಕಿರಲಿಲ್ಲ, ಸಿಟ್ಟು ಮಾತ್ರ ಧಾರಾಳವಾಗಿತ್ತು. ಕಂಡದ್ದಕ್ಕೆಲ್ಲ "ಇದಕ್ಕೆ ಹೊಣೆ ಯಾರು?" ಎಂದು ಕೇಳುವುದು ನನ್ನ ದಿನಚರಿ. ಕೇಳಬೇಕಾದದ್ದೂ ಬೇಕಾದಷ್ಟಿತ್ತು. ಊರಿನ ಉದ್ದಕ್ಕೂ ಕರೆಂಟಿನ ಕಂಬಗಳು ಬಂದು ನಿಂತಿದ್ದವು, ತಂತಿ ಬಂದಿರಲಿಲ್ಲ. ಎಮ್ಮೆಗಳು ಮೈ ಉಜ್ಜಿಕೊಳ್ಳುವುದಕ್ಕೆಂದೇ ಸರ್ಕಾರ ಅವನ್ನು ನೆಟ್ಟಂತಿತ್ತು. ಪಂಚಾಯಿತಿಯ ರೇಡಿಯೊ ಚಾವಡಿಯಲ್ಲಿತ್ತು, ಅದರ ಪೆಟ್ಟಿಗೆಯ ಬೀಗದ ಕೈ ಚೇರ್ಮನ್ ಸಣ್ಣೇಗೌಡರ ಉಡಿದಾರದಲ್ಲಿತ್ತು. ಗೌಡರು ಬಂದು ಬೀಗ ತೆಗೆದರೆ ನಾಡಿಗೆ ದನಿ. ಗೌಡರು ಸಾಲಿಗ್ರಾಮದ ನೆಂಟರ ಮನೆಗೆ ಹೋದರೆ ನಾಡು ಮೂಕ. ಸಾರ್ವಜನಿಕ ಸೊತ್ತು ಒಬ್ಬರ ಸೊಂಟದಲ್ಲಿ ನೇತಾಡುವುದನ್ನು ನಾನು ಸಹಿಸಲಾರದವನಾಗಿದ್ದೆ. ಇಂದಿಗೂ ಸಹಿಸಲಾರೆ.

ಕೆಂಪಣ್ಣನ ಹೆಂಡತಿ ನಿಂಗಮ್ಮನ ಹಾಡು ರೇಡಿಯೊದಲ್ಲಿ ಬರುತ್ತದೆಂಬ ಸುದ್ದಿ ಬಂದದ್ದು ಆಗಲೇ. ನಿಂಗಮ್ಮ ನಮ್ಮ ಪಕ್ಕದ ಮನೆಯವಳು. ಸೋಬಾನೆಯಲ್ಲಿ ಅವಳ ಗಂಟಲಿಗೆ ಸಮನಾದದ್ದು ಸುತ್ತ ಇರಲಿಲ್ಲ. ತವರಾದ ಸಾಲಿಗ್ರಾಮಕ್ಕೆ ಹೋಗಿದ್ದಾಗ, ಜೀಪಿನಲ್ಲಿ ಬಂದ ರೇಡಿಯೊದವರು ಅವಳನ್ನು ಕೂರಿಸಿಕೊಂಡು, ಹೆಣ್ಣನ್ನು ಹಸೆಗೆ ಕರೆಯುವ ಹಾಡನ್ನು ಪೂರ್ತಿ ಹಾಡಿಸಿ ಟೇಪಿಗೆ ತುಂಬಿಕೊಂಡು ಹೋಗಿದ್ದರು. ಒಳಮನೆಯಲ್ಲಿರುವ ಮದುಮಗಳನ್ನು ಕರೆದು, ಹೊಸ್ತಿಲು ದಾಟಿಸಿ, ಹಸೆಯ ಮೇಲೆ ಕೂರಿಸಿ, ಆರತಿ ಬೆಳಗುವವರೆಗಿನ ಹಾಡು ಅದು. ನಮ್ಮಲ್ಲಿ ಅದನ್ನು ಎತ್ತಿಕೊಂಡ ಮೇಲೆ ನಡುವೆ ಬಿಡುವಂತಿಲ್ಲ. ಅದು ಮುಗಿಯುವ ತನಕ ಮದುವೆಮನೆಯಲ್ಲಿ ಯಾರೂ ಊಟಕ್ಕೇಳುವಂತೆಯೂ ಇಲ್ಲ. ಬರುವ ಗುರುವಾರ ಸಂಜೆ ಹಳ್ಳಿಗರ ಕಾರ್ಯಕ್ರಮದಲ್ಲಿ ಆ ಹಾಡು ಬರುತ್ತದೆಂದು ಅವಳ ಅಣ್ಣ ಬಂದು ಹೇಳಿದ. ನಿಂಗಮ್ಮ ನಾಚಿಕೊಂಡು ಒಳಗೆ ಹೋದಳು. ಕೆಂಪಣ್ಣ ಮಾತ್ರ ಬೀದಿಗೆ ಬಂದು, ಸುದ್ದಿ ಗೊತ್ತಿದ್ದವರಿಗೂ ಹೊಸದಾಗಿ ಹೇಳಿದ.

ಶುಕ್ರವಾರ ಸಂಜೆ ಚಾವಡಿಯ ರೇಡಿಯೊ ಮಾತನಾಡುತ್ತಿದ್ದಂತೆಯೇ ದನಿ ಸಣ್ಣಗಾಗುತ್ತ ಆಗುತ್ತ ಇರುವೆಯ ಪಿಸುಮಾತಾಗಿ ನಿಂತುಹೋಯಿತು. ಅದು ವಾಲ್ವಿನ ಸೆಟ್ಟು. ಎರಡು ಇಟ್ಟಿಗೆ ಜೋಡಿಸಿದಷ್ಟು ದೊಡ್ಡದಾದ, ರಟ್ಟಿನ ಮೈಯ ಬ್ಯಾಟರಿಯೇ ಅದರ ಅನ್ನ. ಬ್ಯಾಟರಿ ಸತ್ತಿತ್ತು. ನಾನು ಎದ್ದು ನಿಂತು, ಹೊಸ ಬ್ಯಾಟರಿಯನ್ನು ಮುಂಚಿತವಾಗಿಯೇ ತರಿಸಿಡದಿರುವುದಕ್ಕೆ ಹೊಣೆ ಯಾರೆಂದು ಕೇಳಿದೆ. "ನಾಳೀಕೆ ಕೇಳು ಕಣಪ್ಪ, ಈಗ ಸೊಳ್ಳೆ," ಎಂದು ಗೌಡರು ಬೀಗ ಹಾಕಿದರು.

ಮರುದಿನ ಬೆಳಿಗ್ಗೆ ಕೆಂಪಣ್ಣ ಗೌಡರ ಬಳಿ ಹೋಗಿ, "ಬ್ಯಾಟ್ರೀನ ಒಸಿ ಕಾಯ್ಸಿಕೊಡ್ತೀನಿ, ಕೀಲಿ ಕೊಡಿ," ಎಂದ. ಗೌಡರು ಕೊಟ್ಟರು. ಬಿಸಿಲಿಗಿಡುತ್ತಾನೆಂದು ಅವರ ಎಣಿಕೆ. ಆದರೆ ಅದು ಶ್ರಾವಣದ ಜಡಿ. ಸೂರ್ಯನ ಮುಖ ಕಂಡು ಎಷ್ಟೋ ದಿನವಾಗಿತ್ತು. ಬಿಸಿಲಿಲ್ಲದ ಕಾಲದಲ್ಲಿ ಊರಿನಲ್ಲಿ ಬಿಸಿ ಇದ್ದದ್ದು ಒಂದೇ ಕಡೆ. ಅಂದೇ ಗೌಡರ ಬ್ಯಾರನ್ನಿಗೆ ಎಲೆ ತುಂಬಿಸುತ್ತಿದ್ದರು. ಕೆಂಪಣ್ಣ ಬ್ಯಾಟರಿಯನ್ನು ಗೋಣಿದಾರದಿಂದ ಬಿಗಿದು, ಕೆಳಗಿನ ಸಾಲಿನ ಒಂದು ಕಡ್ಡಿಗೆ ಎಲೆಗಳ ನಡುವೆ ತೂಗುಹಾಕಿ, ಬಾಗಿಲು ಮುಚ್ಚಿ, ಸಂದುಗಳಿಗೆ ಮಣ್ಣು ಮೆತ್ತಿ, ಒಲೆ ಹೊತ್ತಿಸಿದ!

ಸಂಗತಿ ಹೊರಬಿದ್ದದ್ದು ಭಾನುವಾರ, ನಾನು ಚಾವಡಿಯಲ್ಲಿ ಬ್ಯಾಟರಿಯ ವಿಚಾರಣೆಗೆಂದು ಜನರನ್ನು ಸೇರಿಸಿದಾಗ.

"ಎಲ್ಲೈತ್ಲಾ ಬ್ಯಾಟ್ರಿ?" ಎಂದರು ಗೌಡರು.

"ಬ್ಯಾರನ್ನಾಗೆ ಐತೆ ಕಣ್ರೀ ಗೌಡ್ರೇ. ಚೆಂದಾಗ್ ಬೇಯ್ತಾ ಐತೆ."

"ಯಾರ ಬ್ಯಾರನ್ನಾಗೆ?"

"ನಿಮ್ದ್ರಲ್ಲೇ."

ಗೌಡರು ಕೂತಲ್ಲಿಂದ ಅರ್ಧ ಎದ್ದರು. ನಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನನ್ ಆಡು ಕೇಳೋಕೆ ಮುಂಚೆ ಬೇಯ್ಸಾಕ್ಬುಟ್ಯಲ್ಲೋ ಮಾರಾಯ," ಎಂದು ಅವಳು ಅಂದಾಗ ಕೆಂಪಣ್ಣನ ಮುಖ ನೋಡಬೇಕಿತ್ತು. "ಟಾರ್ಚಿನ್ ಸೆಲ್ಗೇ ಅರ್ಧ ದಿನದ ಬಿಸ್ಲು ಬೇಕು. ಇದು ಅದ್ರ ತಾತ ಕಣಮ್ಮಿ. ವಾರಾನಾದ್ರೂ ಬೇಡ್ವಾ?" ಎಂದು ಅವನು ಮೆಲ್ಲಗೆ ಹೇಳಿದ. ತರ್ಕದಲ್ಲಿ ಲೋಪವಿರಲಿಲ್ಲ. ಮೈಸೂರಿನಲ್ಲಿ ನನಗೆ ತರ್ಕ ಕಲಿಸಿದವರು ಕೂಡ ಅದನ್ನು ಪೂರ್ವಪಕ್ಷದಿಂದ ಸಿದ್ಧಾಂತದವರೆಗೆ ಒಪ್ಪಬೇಕಾಗುತ್ತಿತ್ತು.

ಬ್ಯಾರನ್ ತೆಗೆಸಬೇಕೆಂದು ನಾನು ಪಟ್ಟು ಹಿಡಿದೆ. ಸಾರ್ವಜನಿಕರ ಹಕ್ಕು ದೊಡ್ಡದೋ ಒಬ್ಬರ ಹೊಗೆಸೊಪ್ಪು ದೊಡ್ಡದೋ ಎಂದು ಭಾಷಣವನ್ನೇ ಮಾಡಿದೆ. ಆದರೆ ನನ್ನ ಪರವಾಗಿ ನಿಲ್ಲಬೇಕಾದ ಸಾರ್ವಜನಿಕರೇ, "ಒಲೆ ಅಚ್ಚಿದ್ಮೇಲೆ ಬಾಗ್ಲು ತೆಗೆಯೋದುಂಟಾ, ಬುಡು ಬುಡು," ಎಂದು ನನ್ನನ್ನು ಗದರಿದರು. ಹೊಣೆಗಾರಿಕೆಯ ಪ್ರಶ್ನೆಯನ್ನಾದರೂ ಇತ್ಯರ್ಥ ಮಾಡಿರೆಂದೆ. ಗೌಡರು ನಶ್ಯ ಏರಿಸಿಕೊಂಡು ಸಾವಧಾನವಾಗಿ ಹೇಳಿದರು: "ಕೀಲಿ ಕೊಟ್ಟೋನು ನಾನು. ಒಲೆ ಅಚ್ಚಿದೋನು ಕೆಂಪ. ಬ್ಯಾಟ್ರಿ ಸರ್ಕಾರದ್ದು. ಮೋಡ ದೇವರ್ದು. ಇಷ್ಟು ಜನದಾಗೆ ಯಾರ್ನ ಇಡೀತೀಯೋ ಇಡಿ ಕಣಪ್ಪ, ನಂದೇನೂ ತಕರಾರಿಲ್ಲ."

ಸಭೆ ನಕ್ಕಿತು. ನಾನೂ ನಗಬಹುದಿತ್ತು, ನಗಲಿಲ್ಲ. ನಿಂಗಮ್ಮ ನಗುತ್ತಿರಲಿಲ್ಲವೆಂಬುದನ್ನು ಕಂಡಿದ್ದೆ. ಗುರುವಾರದೊಳಗೆ ಪಂಚಾಯಿತಿಯೇ ಹೊಸ ಬ್ಯಾಟರಿ ತರಿಸಬೇಕು, ಅದಕ್ಕೆ ಚೇರ್ಮನ್ನರೇ ಹೊಣೆಯೆಂದು ಒಪ್ಪಿಕೊಳ್ಳಬೇಕು ಎಂದೆ. ನಿಂಗಮ್ಮನ ಕಡೆ ಒಮ್ಮೆ ನೋಡಿ ಗೌಡರು ಒಪ್ಪಿದರು. "ತರ್ಸಾಣ. ಯಾವ ಬ್ಯಾಟ್ರಿ ಅಂತ ಆರಿಸ್ಕೊಂಡು ತರೋನು ನೀನೇ. ಕೆಟ್ಟದ್ ತಂದ್ರೆ ಒಣೆ ಯಾರು ಅಂತ ನಾನೂ ಕೇಳ್ತೀನಿ!"

ಆರಿಸುವುದೇನು ಸುಲಭವೇ? ಯಾವ ಬ್ಯಾಟರಿಯೆಂದು ತಿಳಿಸುವ ಬರಹವೆಲ್ಲ ಹಳೆಯ ಬ್ಯಾಟರಿಯ ಮೈಮೇಲಿತ್ತು; ಅದು ಹೊಗೆಸೊಪ್ಪಿನ ಜೊತೆ ತಪಸ್ಸಿಗೆ ಕೂತಿತ್ತು. ಹಾಗಾಗಿ ರೇಡಿಯೊವನ್ನೇ ಹುಣಸೂರಿಗೆ ಹೊತ್ತೊಯ್ಯಬೇಕಾಯಿತು. ಊರಿನ ಸೊತ್ತು ಊರು ಬಿಟ್ಟು ಹೋಗುವುದಕ್ಕೆ ಊರಿನ ಒಪ್ಪಿಗೆ ಬೇಕೆಂದು ಗೌಡರು ನನ್ನ ಮಾತನ್ನೇ ನನಗೆ ತಿರುಗಿಸಿದರು, ಎಲ್ಲರೂ ಕೈಯೆತ್ತಿದರು. ಮಂಗಳವಾರ ಬೆಳಿಗ್ಗೆ, ಕಂಬಳಿಯಲ್ಲಿ ಸುತ್ತಿದ ರೇಡಿಯೊವನ್ನು ಮಡಿಲಲ್ಲಿಟ್ಟುಕೊಂಡು ಕೆಂಪಣ್ಣ ಬಸ್ಸಿನಲ್ಲಿ ಕೂತ. ಪಕ್ಕದಲ್ಲಿ ನಾನು. ಕಂಬಳಿಯನ್ನು ನೋಡಿ ಕಂಡಕ್ಟರ್, "ಮಗೀಗೆ ಜ್ವರವಾ?" ಎಂದ.

"ಇಲ್ಲ ಸಾಮಿ. ಮಾತು ನಿಂತೋಗದೆ."

ಕಂಡಕ್ಟರ್ ಬಾಯಲ್ಲಿ ಲೊಚಗುಟ್ಟಿ, ಕಿಟಕಿಯ ಕಡೆಯ ಜಾಗ ಬಿಡಿಸಿಕೊಟ್ಟ. ಗಾಳಿ ಬೀಸದಿರಲೆಂದು ಮುಂದಿನ ಸೀಟಿನ ಮುದುಕಿ ಎದ್ದು ಕಂಬಳಿಯ ಅಂಚು ಸರಿಪಡಿಸಿದಳು. ಹುಣಸೂರಿನಲ್ಲಿ ಇಳಿಯುವಾಗ ಕಂಬಳಿ ಜಾರಿ ಮರದ ಪೆಟ್ಟಿಗೆಯೂ ಅದರ ತಿರುಗಣಿಗಳೂ ಕಂಡವು. ನಮ್ಮ ಬೆನ್ನ ಹಿಂದೆ ಬಸ್ಸು ಬಹಳ ಹೊತ್ತು ಹೊರಡಲಿಲ್ಲ. ಬರಿಯ ನಗು ಕೇಳಿಸುತ್ತಿತ್ತು.

ರೇಡಿಯೊ ಅಂಗಡಿಯ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾತಿನಲ್ಲಿಯೂ ಇಸ್ತ್ರಿ ಉಳಿಸಿಕೊಂಡಿದ್ದ ಮನುಷ್ಯ. "ಎಷ್ಟು ವೋಲ್ಟಿಂದು ಬೇಕು?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೆಂಪಣ್ಣ ಮುಂದೆ ಬಂದ.

"ನಾಕಾಳು ಕುಂತು ಕೇಳೋದಲ್ಲ ಸಾಮಿ, ಇಡೀ ಊರೇ ಕುಂತು ಕೇಳ್ತದೆ. ಅಷ್ಟು ವೋಲ್ಟಿಂದು ಕೊಡಿ."

ಯಜಮಾನರ ಇಸ್ತ್ರಿ ಅಲ್ಲಿಗೆ ಕೆಟ್ಟಿತು. ನಕ್ಕು ಕಣ್ಣೊರೆಸಿಕೊಂಡು, ಸೆಟ್ಟಿನ ಹಿಂಬದಿ ಬಿಚ್ಚಿ ನೋಡಿ, ಎರಡು ಬಗೆಯ ಮಾಲನ್ನು ನಮ್ಮ ಮುಂದಿಟ್ಟರು. ಒಂದು, ಹಳೆಯದರಂಥದೇ ಒಂಟಿ ಬ್ಯಾಟರಿ; ಸೆಟ್ಟಿನ ಪ್ಲಗ್ಗು ಅದರ ತೂತುಗಳಿಗೆ ನೇರವಾಗಿ ಕೂರುತ್ತದೆ. ಇನ್ನೊಂದು, ಬೇರೆಬೇರೆಯಾದ ಎರಡು ಬ್ಯಾಟರಿಗಳ ಜೋಡಿ. ಬಾಳಿಕೆ ಹೆಚ್ಚು, ಆದರೆ ತಂತಿಗಳನ್ನು ನಾವೇ ಸೇರಿಸಿಕೊಳ್ಳಬೇಕು, ಒಂದರ ತಂತಿ ಇನ್ನೊಂದಕ್ಕೆ ಹೋದರೆ ವಾಲ್ವುಗಳೆಲ್ಲ ಸುಟ್ಟು ಬೂದಿ. ಪಕ್ಕದಲ್ಲೇ ಒಂದು ಲಾರಿಯ ಬ್ಯಾಟರಿಯೂ ಇತ್ತು. ಅದು ನಮ್ಮ ಸೆಟ್ಟಿಗಾಗುವುದೇ ಇಲ್ಲವೆಂದು ಅವರು ಹೇಳುತ್ತಿದ್ದಂತೆಯೇ ಕೆಂಪಣ್ಣ ಅದನ್ನು ಎತ್ತಿ ನೋಡಿ, "ತೂಕ ಅಂದ್ರೆ ಇದು ಕಣಪ್ಪ," ಎಂದು ಮನಸೋತುಬಿಟ್ಟಿದ್ದ.

ನಾನು ತೂಕಕ್ಕೆ ಮರುಳಾಗುವವನಲ್ಲ. ತನಿಖಾ ಆಯೋಗದ ಗತ್ತಿನಲ್ಲಿ ಪ್ರಶ್ನೆಗಳನ್ನು ಹಾಕಿದೆ. ಇದು ತಯಾರಾದದ್ದು ಯಾವಾಗ? ಇಲ್ಲಿಗೆ ಬಂದು ಎಷ್ಟು ಕಾಲವಾಯಿತು? ಕಪಾಟಿನಲ್ಲಿ ಸುಮ್ಮನೆ ಕೂತೇ ಶಕ್ತಿ ಕಳೆದುಕೊಂಡಿಲ್ಲವೆಂಬುದಕ್ಕೆ ಏನು ಆಧಾರ? ಗುರುವಾರ ಸಂಜೆ ಹಾಡಿನ ನಡುವೆ ಇದು ನಿಂತರೆ ಹೊಣೆ ಯಾರು?

"ಸ್ವಾಮೀ," ಎಂದರು ಯಜಮಾನರು ಕೈ ಮುಗಿದು, "ನೀವು ಬ್ಯಾಟರಿ ತಗೊಳ್ಳೋಕೆ ಬಂದಿದೀರೋ, ಹೆಣ್ಣು ಕೊಡೋಕೆ ಬಂದಿದೀರೋ?"

ಅಷ್ಟರಲ್ಲಿ ಕೆಂಪಣ್ಣ ಹೊರಗೆ ಹೋಗಿ ಎಲೆಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ ಬಂದಿದ್ದ. ಅದರ ಅರ್ಥ ನನಗೆ ಹೊಳೆಯುವ ಮೊದಲೇ ಅವನು ಒಂಟಿ ಬ್ಯಾಟರಿಯ ತೂತಿಗೆ ಒಂದು ತಂತಿ ತೂರಿಸಿ, ನಾಲಗೆ ಚಾಚಿದ್ದ. ಯಜಮಾನರು ಹಲಗೆಯ ಮೇಲಿಂದ ಹಾರಿದಂತೆ ಬಂದು ಅವನ ಬಾಯನ್ನು ಅಂಗೈಯಿಂದ ಮುಚ್ಚಿದರು. "ತೊಂಬತ್ತು ವೋಲ್ಟು ಕಣಯ್ಯಾ! ನಾಲಗೆ ಇಲ್ಲೇ ಬಿಟ್ಟುಹೋಗಬೇಕಾಗುತ್ತೆ!" ಕೆಂಪಣ್ಣನಿಗೆ ಅಪಮಾನವಾಯಿತು. "ರುಚಿ ನೋಡಕ್ ಬುಡ್ದಿರೋ ಮಾಲು ಎಂಥ ಮಾಲು?" ಎಂದು ಮುನಿಸಿಕೊಂಡ. ಕೊನೆಗೆ ಯಜಮಾನರು ಬ್ಯಾಟರಿಯನ್ನು ಸೆಟ್ಟಿಗೇ ಸಿಕ್ಕಿಸಿ, ಕಿವಿಯಿಂದ ರುಚಿ ನೋಡಲು ಹೇಳಿದರು. ವಾಲ್ವುಗಳು ಕಾಯಲು ಒಂದು ಕ್ಷಣ. ಆಮೇಲೆ ರೇಡಿಯೊ ಬೀದಿಗೆಲ್ಲ ಕೇಳುವಂತೆ ಮಾತನಾಡಿತು. ಕೆಂಪಣ್ಣನ ಮುಖವರಳಿತು. ಮರುಗಳಿಗೆಯೇ ಅವನು ಕೈ ಅಡ್ಡ ಹಿಡಿದ. "ಸಾಕು ಸಾಕು, ನಿಲ್ಸಿ ಸಾಮಿ. ನಿಂಗಿ ಪಾಲಿನ ಕರೆಂಟು ಖರ್ಚಾಯ್ತದೆ!"

ಎರಡರ ಜೋಡಿಗೆ ಬಾಳಿಕೆ ಹೆಚ್ಚಿದ್ದರೂ ನಾನು ಒಂಟಿಯನ್ನೇ ಆರಿಸಿದೆ. ತಂತಿಗಳನ್ನು ಸರಿಯಾಗಿ ಸೇರಿಸಬಲ್ಲೆನೆಂಬ ನಂಬಿಕೆ ನನಗಿತ್ತು. ಕೆಂಪಣ್ಣ ಅವನ್ನು ಇನ್ನಷ್ಟು ಸರಿಯಾಗಿ ಸೇರಿಸಲು ಹೋಗುವುದಿಲ್ಲವೆಂಬ ನಂಬಿಕೆ ಇರಲಿಲ್ಲ.

ಊರಿಗೆ ಬಂದ ಮೇಲೆ ನಡೆದದ್ದು ನಾನು ಯಾವ ಪುಸ್ತಕದಲ್ಲಿಯೂ ಓದದ ಪ್ರಜಾಪ್ರಭುತ್ವ. ಗೌಡರು ಬುಧವಾರ ಸಂಜೆ ಎಂದಿನಂತೆ ವಾರ್ತೆ ಕೇಳಲು ಬೀಗ ತೆಗೆಯಹೋದರು. ಚಾವಡಿಯ ಮುಂದೆ ಹೆಂಗಸರು ಅಡ್ಡ ನಿಂತಿದ್ದರು.

"ಇವತ್ತಿಲ್ಲ ಗೌಡ್ರೇ. ಬ್ಯಾಟ್ರಿ ನಿಂಗಮ್ಮನ್ ಆಡಿಗೆ ಮೀಸ್ಲು."

"ಲೇ, ದೇಶದ ಸಮಾಚಾರ ಕಣ್ರಮ್ಮೀ."

"ದೇಶ ಎಲ್ಲೋಯ್ತದೆ? ನಾಡಿದ್ದೂ ಇರ್ತದೆ."

ಗೌಡರು ನನ್ನ ಕಡೆ ತಿರುಗಿ, "ಇದ್ಕೆ ಒಣೆ ನೀನೇ ಕಣ್ಲಾ," ಎಂದರು. ಆದರೆ ಅವರ ಮೀಸೆಯಡಿಯಲ್ಲಿ ನಗುವಿತ್ತು. ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಿ ನಿಂಗಮ್ಮನ ಕೈಗೇ ಕೊಟ್ಟು, ಟವೆಲು ಕೊಡವಿಕೊಂಡು ಮನೆಗೆ ಹೋದರು. ನನ್ನ ಅರ್ಜಿಗಳೆಲ್ಲ ಸೇರಿ ಅಲುಗಿಸಲಾರದ ಕೀಲಿ ಅದು.

ಬ್ಯಾರನ್ ತೆಗೆದದ್ದು ಶುಕ್ರವಾರ. ಆ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಮುಂದೆ ಅದಕ್ಕೆ ಜಾಗವಿಲ್ಲ. ಎಲೆಗೆ ಅಪರಂಜಿಯ ಬಣ್ಣ ಬಂದಿತ್ತು. ಬ್ಯಾಟರಿಯ ಹೊಟ್ಟೆಯೊಳಗಿನ ಡಾಂಬರೆಲ್ಲ ಕರಗಿ ಹರಿದು, ಅದರ ಅಡಿಯ ಎಲೆಗಳು ಕಂತೆಯಾಗಿ ಅಂಟಿಕೊಂಡಿದ್ದವು. ಕೆಂಪಣ್ಣ ಬ್ಯಾಟರಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ನರ ಎಲ್ಲಾ ಚೆಂದಾಗ್ ಒಣಗವೆ," ಎಂದು ಸರ್ಟಿಫಿಕೇಟು ಕೊಟ್ಟ. ಅಂಟಿದ ಎಲೆಗಳ ಕಂತೆಯನ್ನು ಗೌಡರು ನನ್ನ ಮನೆಗೆ ಕಳಿಸಿದರು, ಇದಕ್ಕೆ ಹೊಣೆ ಯಾರೆಂದು ಬಿಡುವಿದ್ದಾಗ ಯೋಚಿಸಲಿ ಎಂಬ ಸಂದೇಶದೊಡನೆ.

ಇನ್ನು ಗುರುವಾರ. ಮಳೆ ಹೊಳವಾಗಿತ್ತು. ಚಾವಡಿ ತುಂಬಿ, ಜಗಲಿ ತುಂಬಿ, ತಂತಿಯಿಲ್ಲದ ಕಂಬಗಳಿಗೆ ಒರಗಿಕೊಂಡೂ ಜನ ನಿಂತಿದ್ದರು. ಹೊಸ ಸೀರೆಯುಟ್ಟ ನಿಂಗಮ್ಮ ಬೀಗ ತೆಗೆದಳು. ಕೆಂಪಣ್ಣ ತಿರುಗಣಿ ತಿರುಗಿಸಿದ. ರೇಡಿಯೊದಲ್ಲಿ ಹಾಡುವವರ ಹೆಸರು ಹೇಳಿದರು, ಹೇಳಿದ್ದು ನಿಂಗಮ್ಮನ ಹೆಸರೇ. ಆಮೇಲೆ ಅವಳ ದನಿ ಬಂತು.

ಅವಳು ಪಕ್ಕದಲ್ಲಿ ಕೂತಿರುವಾಗಲೇ ಅವಳ ದನಿ ಪೆಟ್ಟಿಗೆಯಿಂದ ಬರುವ ಸೋಜಿಗಕ್ಕೆ ಜನ ಅವಳ ತುಟಿಯನ್ನೊಮ್ಮೆ ಪೆಟ್ಟಿಗೆಯನ್ನೊಮ್ಮೆ ನೋಡಿದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಹಾಡು ಮದುಮಗಳನ್ನು ಹೆಸರಿಟ್ಟು ಕರೆಯಿತು, ತಲೆಗೆ ಹೂವು ಮುಡಿಸಿತು, ಒಳಮನೆಯಿಂದ ಹೆಜ್ಜೆಹೆಜ್ಜೆಯಾಗಿ ನಡೆಸಿ ಹೊಸ್ತಿಲಿಗೆ ತಂದಿತು. ಅಲ್ಲಿ ದನಿ ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ನಿಂತಿತು.

ಇಡೀ ಊರು ಕೆಂಪಣ್ಣನನ್ನೂ ನನ್ನನ್ನೂ ನೋಡಿತು. ಎರಡರ ಜೋಡಿಯನ್ನೇ ತರಬೇಕಿತ್ತೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಪೆಟ್ಟಿಗೆಯಿಂದ ಗಂಡುದನಿಯೊಂದು ಖಣಖಣನೆ ಮೊಳಗಿತು: ರೈತಬಾಂಧವರು ಇನ್ನು ಮುಂದೆ ರಾಗಿಯ ಮೇಲುಗೊಬ್ಬರದ ವಿಷಯ ಕೇಳಲಿದ್ದರು. ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಹೊತ್ತಾಯಿತೆಂದು ಹಾಡನ್ನು ಕತ್ತರಿಸಿದವರು ರೇಡಿಯೊದವರು.

"ಅಯ್ಯೋ, ಹೆಣ್ಣನ್ನ ವಸ್ಲಲ್ಲೇ ನಿಲ್ಸ್ಬುಟ್ರಲ್ಲಾ!" ಎಂದಳು ಗುಂಪಿನಿಂದೊಬ್ಬ ಮುದುಕಿ. ಗುಜುಗುಜು ಎದ್ದಿತು. ಈ ಅನ್ಯಾಯಕ್ಕೆ ನನ್ನಷ್ಟು ತಯಾರಾಗಿದ್ದವರು ಯಾರೂ ಇರಲಿಲ್ಲ. ಜಗಲಿಯೇರಿ ನಿಂತು, ಪೂರ್ತಿ ಹಾಡಿಸಿಕೊಂಡು ಅರ್ಧ ಕೇಳಿಸಿದ್ದಕ್ಕೆ ಹೊಣೆ ಯಾರೆಂದು ನಾಳೆಯೇ ಬರೆದು ಕೇಳುತ್ತೇನೆ, ಉತ್ತರ ಬರುವವರೆಗೆ ಬಿಡುವುದಿಲ್ಲ ಎಂದೆ.

"ಬರಿ ಮಗ, ಬಿಡ್ಬ್ಯಾಡ, ಕೇಳು," ಎಂದಳು ನಿಂಗಮ್ಮ ಎದ್ದು ನಿಂತು, ಸೆರಗು ಸರಿಮಾಡಿಕೊಳ್ಳುತ್ತ. "ಅವ್ರು ಉತ್ರ ಕೊಡೋಗಂಟ ಆ ಹೆಣ್ಣು ವಸ್ಲಲ್ಲೇ ನಿಂತಿರ್ಬೇಕಾ?"

ಗೌಡರು ಯಾರೂ ಹೇಳದೆಯೇ ಎದ್ದು ಹೋಗಿ ಮೇಲುಗೊಬ್ಬರದ ಬಾಯಿ ಮುಚ್ಚಿಸಿದರು. ನಿಂಗಮ್ಮ ಪೆಟ್ಟಿಗೆ ನಿಲ್ಲಿಸಿದ ಸಾಲಿನಿಂದಲೇ ಎತ್ತಿಕೊಂಡಳು. ಮುಂದಿನ ನುಡಿಗೆ ಹೆಂಗಸರೆಲ್ಲ ದನಿಗೂಡಿಸಿದರು. ಕೆಂಪಣ್ಣ ಸೆಟ್ಟಿನ ಮುಂದಿನಿಂದ ಮೆಲ್ಲಗೆ ಸರಿದು, ಪೆಟ್ಟಿಗೆಯ ಬದಲು ಹೆಂಡತಿಯನ್ನು ನೋಡುತ್ತ ಕೂತ. ಹುಡುಗಿ ಹೊಸ್ತಿಲು ದಾಟಿದಳು, ಹಸೆಯೇರಿದಳು. ಎಲ್ಲರೂ ಸೇರಿ ಅವಳಿಗೆ ಆರತಿ ಎತ್ತಿದರು. ಆಮೇಲೆಯೇ ನಾವೆಲ್ಲ ಊಟಕ್ಕೆ ಎದ್ದದ್ದು.